ಕ್ಯಾನ್ಸರ್ ಚಿಕಿತ್ಸೆಯ ಹೊತ್ತಿನಲ್ಲಿ ಕಣ್ಣು ಮಂಜಾದರೆ: ಏನು ಗಮನಿಸಬೇಕು, ಏನು ಮಾಡಬೇಕು

ಕಿಮೊ ನಡೆಯುವಾಗ ವಾಂತಿ, ಸುಸ್ತು, ಕೂದಲು ಉದುರುವುದರ ಬಗ್ಗೆ ಪ್ರತಿ ಭೇಟಿಯಲ್ಲೂ ಮಾತಾಗುತ್ತದೆ. ಕಣ್ಣಿನ ವಿಷಯ ಮಾತ್ರ ಹೆಚ್ಚಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಅಕ್ಷರ ಮಂಜಾದರೆ ವಯಸ್ಸಿನ ಮೇಲೆ, ನಿದ್ದೆಯ ಮೇಲೆ, ಹಳೇ ಕನ್ನಡಕದ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಆದರೆ ಮಂಜಿಗೆ ಕಾರಣ ಒಂದೇ ಅಲ್ಲ. ಕಣ್ಣೀರು ಒಣಗಿದರೂ ಮಂಜು, ಸ್ಟೀರಾಯ್ಡ್‌ನಿಂದ ರಕ್ತದ ಸಕ್ಕರೆ ಏರಿದರೂ ಮಂಜು, ಪೊರೆ ಬಂದರೂ ಮಂಜು, ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ರೆಟಿನಾ ಎಂಬ ಪದರದ ಅಡಿಯಲ್ಲಿ ನೀರು ತುಂಬಿದರೂ ಮಂಜು, ಮೆದುಳಿನೊಳಗೆ ಒತ್ತಡ ಹೆಚ್ಚಾದರೂ ಮಂಜೇ. ಒಂದಕ್ಕೆ ಒಂದು ಹನಿ ಔಷಧಿ ಸಾಕು, ಇನ್ನೊಂದಕ್ಕೆ ಅದೇ ದಿನ ಆಸ್ಪತ್ರೆ ಸೇರಬೇಕು.

ಹಾಗಾಗಿ ಎರಡು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಣ್ಣಿನ ತೊಂದರೆಯನ್ನು ಹೇಳದೆ ನುಂಗಿಕೊಳ್ಳಬೇಡಿ. ಹಾಗೆಯೇ, ಕಣ್ಣಿಗೆ ತೊಂದರೆ ಆಯಿತೆಂದು ಕ್ಯಾನ್ಸರ್ ಔಷಧಿಯನ್ನು ನೀವೇ ನಿಲ್ಲಿಸಬೇಡಿ. ಬೇಗ ಹೇಳಿದರೆ ಡೋಸ್ ಕಡಿಮೆ ಮಾಡಿಯೋ, ಒಂದೆರಡು ವಾರ ಬಿಟ್ಟೋ, ಕಣ್ಣಿಗೆ ಬೇರೆ ಚಿಕಿತ್ಸೆ ಕೊಟ್ಟೋ ಮುಂದುವರಿಸಲು ಬಹಳಷ್ಟು ಸಲ ದಾರಿ ಇರುತ್ತದೆ.

ಇವು ಕಂಡರೆ ಕಾಯಬೇಡಿ, ಅದೇ ದಿನ ತೋರಿಸಿ

- ಒಂದು ಕಣ್ಣಿನ ಅಥವಾ ಎರಡೂ ಕಣ್ಣಿನ ನೋಟ ಏಕಾಏಕಿ ಹೋಗುವುದು, ಪಕ್ಕದಿಂದ ಅಥವಾ ಮೇಲಿನಿಂದ ಕಪ್ಪು ಪರದೆ ಇಳಿದಂತಾಗುವುದು.
- ಹೊಸದಾಗಿ ಮಿಂಚು ಹೊಳೆಯುವುದು, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಾಗುವುದು.
- ಕಣ್ಣು ಕೆಂಪಾಗಿ, ನೋವಾಗಿ, ಬೆಳಕನ್ನೇ ನೋಡಲಾಗದಿರುವುದು.
- ರೆಪ್ಪೆ ಜೋತುಬೀಳುವುದು, ವಸ್ತುಗಳು ಎರಡೆರಡಾಗಿ ಕಾಣುವುದು. ಇದರ ಜೊತೆ ನುಂಗಲು, ಮಾತಾಡಲು ಅಥವಾ ಉಸಿರಾಡಲು ಕಷ್ಟವಾದರೆ ಆಂಬುಲೆನ್ಸ್ ಕರೆಯಿರಿ. ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಚಿಕಿತ್ಸೆ) ಪಡೆಯುವವರಲ್ಲಿ ಇದು ಸ್ನಾಯುಗಳನ್ನು ಸೋಲಿಸುವ ಮಯಸ್ತೇನಿಯಾ ಎಂಬ ತೊಂದರೆಯ ಮೊದಲ ಸೂಚನೆ ಆಗಿರಬಹುದು.
- ನೋಟ ಮಂಜಾಗುವುದರ ಜೊತೆಗೆ ಜೋರು ತಲೆನೋವು, ವಾಂತಿ, ಗೊಂದಲ, ಫಿಟ್ಸ್ ಅಥವಾ ರಕ್ತದೊತ್ತಡ ತೀರಾ ಏರುವುದು.
- ಹಣೆಯ ಒಂದೇ ಬದಿಯಲ್ಲಿ, ರೆಪ್ಪೆಯ ಮೇಲೆ ಉರಿಯುವ ಗುಳ್ಳೆಗಳು. ಇದು ಸರ್ಪಸುತ್ತು. ಮೂಗಿನ ತುದಿಯಲ್ಲೂ ಗುಳ್ಳೆ ಎದ್ದಿದ್ದರೆ ಕಣ್ಣಿನೊಳಕ್ಕೂ ಹೋಗುವ ಸಾಧ್ಯತೆ ಹೆಚ್ಚು. ವೈರಸ್ ವಿರುದ್ಧದ ಮಾತ್ರೆ ಆದಷ್ಟೂ 72 ಗಂಟೆಯೊಳಗೆ ಶುರುವಾಗಬೇಕು.
- ಬಿಳಿ ರಕ್ತಕಣ ಕಡಿಮೆ ಇರುವ ದಿನಗಳಲ್ಲಿ ಕಣ್ಣಿನಿಂದ ಗೀಜು ಬರುವುದು, ರೆಪ್ಪೆ ಊದುವುದು, ಅದರಲ್ಲೂ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ.

ನೋಡಿದ ಕೂಡಲೇ ಗಾಬರಿ ಹುಟ್ಟಿಸಿದರೂ ಕಣ್ಣಿಗೆ ಅಪಾಯ ತರದ ಒಂದು ಸಂಗತಿಯಿದೆ. ಕಣ್ಣಿನ ಬಿಳಿ ಭಾಗದಲ್ಲಿ ರಕ್ತ ಚೆಲ್ಲಿದಂಥ ಕೆಂಪು ಕಲೆ, ಆದರೆ ನೋವಿಲ್ಲ, ನೋಟವೂ ಸರಿಯಾಗಿದೆ. ಎರಡು ವಾರದಲ್ಲಿ ಅದು ತಾನಾಗಿಯೇ ಕರಗುತ್ತದೆ. ಆದರೂ ಕ್ಯಾನ್ಸರ್ ತಂಡಕ್ಕೆ ಫೋನ್ ಮಾಡಿ ಹೇಳಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿದಿದ್ದರೆ ಆ ಕಲೆಯೇ ಅದನ್ನು ಮೊದಲು ತೋರಿಸಿರಬಹುದು.

ಮನೆಯಲ್ಲೇ ವಾರಕ್ಕೊಮ್ಮೆ ಕಣ್ಣು ಪರೀಕ್ಷೆ

ಎರಡೂ ಕಣ್ಣು ತೆರೆದಿರುವಾಗ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಒಂದು ಕಣ್ಣು ತಿಂಗಳುಗಟ್ಟಲೆ ಮಂಜಾಗಿದ್ದರೂ ಗೊತ್ತಾಗದೆ ಇರುವುದು ಇದಕ್ಕೇ. ಆದ್ದರಿಂದ ಒಂದೊಂದು ಕಣ್ಣನ್ನೂ ಬೇರೆಬೇರೆಯಾಗಿ ನೋಡಿಕೊಳ್ಳಬೇಕು.

ವಾರದ ಒಂದು ದಿನ ಗೊತ್ತು ಮಾಡಿಕೊಂಡು, ಅದೇ ಜಾಗ, ಅದೇ ಬೆಳಕಿನಲ್ಲಿ ಕೂರಿ. ಗೋಡೆಯ ಕ್ಯಾಲೆಂಡರಿನಿಂದ ಮೂರು ಮೀಟರಿನಷ್ಟು ದೂರವಿರಲಿ. ದೂರದ ಕನ್ನಡಕ ಇದ್ದರೆ ಹಾಕಿಕೊಳ್ಳಿ. ಅಂಗೈಯನ್ನು ಬಟ್ಟಲಿನ ಆಕಾರದಲ್ಲಿ ಹಿಡಿದು, ಗುಡ್ಡೆಯನ್ನು ಒತ್ತದೆ, ಒಂದು ಕಣ್ಣು ಮುಚ್ಚಿ. ಯಾವ ಅಳತೆಯ ಅಕ್ಷರದವರೆಗೆ ಓದಲು ಆಯಿತೆಂದು ಬರೆದಿಡಿ. ಇನ್ನೊಂದು ಕಣ್ಣಿಗೂ ಹಾಗೇ ಮಾಡಿ.

ಆಮೇಲೆ ಚೌಕುಳಿ ಪರೀಕ್ಷೆ. ಬಿಳಿ ಕಾಗದದ ಮೇಲೆ 10 ಸೆಂಟಿಮೀಟರ್ ಚೌಕ ಬರೆದು, ಅದರೊಳಗೆ 5 ಮಿಲಿಮೀಟರಿಗೊಂದರಂತೆ ಅಡ್ಡ ಮತ್ತು ಉದ್ದ ಗೆರೆ ಎಳೆಯಿರಿ, ನಡುವೆ ಒಂದು ಚುಕ್ಕೆ ಇಡಿ. ಓದುವ ಕನ್ನಡಕ ಹಾಕಿ, ಕಾಗದವನ್ನು 30 ಸೆಂಟಿಮೀಟರ್ ದೂರ ಹಿಡಿದು, ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆಯನ್ನೇ ನೋಡಿ. ಗೆರೆ ಎಲ್ಲಾದರೂ ಸೊಟ್ಟಗಾಗಿದೆಯೇ, ಒಂದು ಕಡೆ ಅಳಿಸಿಹೋದಂತಿದೆಯೇ, ಬೂದು ಮಚ್ಚೆ ಕಾಣುತ್ತದೆಯೇ ಎಂದು ಗಮನಿಸಿ. ಕಂಡ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ದಿನಾಂಕ ಹಾಕಿ. ಹೊಸದಾಗಿ ಇಂಥದ್ದು ಕಂಡರೆ ಮುಂದಿನ ವಾರದವರೆಗೆ ಕಾಯಬೇಡಿ. ನಡು ನೋಟ ಕೊಡುವ ಮ್ಯಾಕ್ಯುಲಾ ಎಂಬ ಭಾಗದಲ್ಲಿ ನೀರು ತುಂಬಿರಬಹುದು.

ಇದರ ಜೊತೆ ನಾಲ್ಕೈದು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ಕಣ್ಣಿನ ವೈದ್ಯರ ಅರ್ಧ ಕೆಲಸ ಈ ಉತ್ತರಗಳಲ್ಲೇ ಮುಗಿಯುತ್ತದೆ.

ರೆಪ್ಪೆ ನಾಲ್ಕು ಸಲ ಬಡಿದರೆ ಮಂಜು ಸ್ವಲ್ಪ ಹೊತ್ತಾದರೂ ತಿಳಿಯಾಗುತ್ತದೆಯೇ? ಹಾಗಾದರೆ ತೊಂದರೆ ಬಹುಮಟ್ಟಿಗೆ ಕಣ್ಣಿನ ಮೇಲ್ಮೈಯಲ್ಲಿದೆ, ಕಣ್ಣೀರಿನ ಪದರ ಒಡೆಯುತ್ತಿದೆ. ರೆಪ್ಪೆ ಬಡಿದರೂ ಒಂದಿಷ್ಟೂ ಬದಲಾಗದ ಮಂಜು ಮಸೂರ, ರೆಟಿನಾ ಅಥವಾ ನರದ ಕಡೆ ಬೆರಳು ತೋರಿಸುತ್ತದೆ.

ಎರಡೆರಡಾಗಿ ಕಾಣುವುದು ಒಂದು ಕಣ್ಣು ಮುಚ್ಚಿದರೆ ನಿಲ್ಲುತ್ತದೆಯೇ? ನಿಂತರೆ ಎರಡು ಕಣ್ಣುಗಳೂ ಒಂದೇ ಕಡೆ ತಿರುಗುತ್ತಿಲ್ಲ ಎಂದರ್ಥ. ತೊಂದರೆ ಕಣ್ಣನ್ನು ತಿರುಗಿಸುವ ನರದಲ್ಲೋ ಸ್ನಾಯುವಿನಲ್ಲೋ ಇದೆ, ಇದು ತುರ್ತು. ಒಂದು ಕಣ್ಣು ಮುಚ್ಚಿದರೂ ಎರಡಾಗಿಯೇ ಕಂಡರೆ ಆ ತೆರೆದ ಕಣ್ಣಿನ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಅಥವಾ ಮಸೂರದಲ್ಲಿ ದೋಷವಿದೆ. ಅದಕ್ಕೆ ಅಷ್ಟು ಅವಸರವಿಲ್ಲ.

ದಿನದಿಂದ ದಿನಕ್ಕೆ ನೋಟ ಏರುಪೇರಾಗುತ್ತದೆಯೇ, ಜೊತೆಗೆ ಬಾಯಾರಿಕೆ, ಪದೇಪದೇ ಮೂತ್ರ ಇದೆಯೇ? ಸಕ್ಕರೆ ಪರೀಕ್ಷೆ ಮಾಡಿಸಿ. ಹಿಂದೆ ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ. ಆಗ ಮಸೂರದೊಳಗಿನ ನೀರಿನ ಪ್ರಮಾಣ ಬದಲಾಗಿ ಕನ್ನಡಕದ ನಂಬರೇ ತಾತ್ಕಾಲಿಕವಾಗಿ ಸರಿಯುತ್ತದೆ.

ಬಿಸಿಲಿನಲ್ಲಿ, ಎದುರಿನ ವಾಹನದ ದೀಪಕ್ಕೆ ಕಣ್ಣು ಕುಕ್ಕುತ್ತದೆಯೇ, ಜೋರು ಬೆಳಕಿನಲ್ಲೇ ಓದುವುದು ಇನ್ನಷ್ಟು ಕಷ್ಟವೇ? ಸ್ಟೀರಾಯ್ಡ್ ತರುವ ಪೊರೆ ಮಸೂರದ ಹಿಂಬದಿಯಲ್ಲಿ, ಸರಿಯಾಗಿ ನಟ್ಟನಡುವೆ ಕಟ್ಟುತ್ತದೆ. ಬೆಳಕು ಹೆಚ್ಚಾದಾಗ ಪಾಪೆ ಕಿರಿದಾಗಿ, ಬೆಳಕೆಲ್ಲ ಆ ಮಬ್ಬಿನ ಮೂಲಕವೇ ಹಾಯಬೇಕಾಗುತ್ತದೆ. ಅದಕ್ಕೇ ಈ ವಿಚಿತ್ರ.

ಎರಡು ಕಣ್ಣಿನಲ್ಲೂ ಒಂದೇ ಬದಿ ಕಾಣುವುದಿಲ್ಲವೇ, ಒಂದೇ ಕಡೆಯ ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿದೆಯೇ, ಓದುವಾಗ ಸಾಲಿನ ಮೊದಲ ಪದಗಳೇ ತಪ್ಪಿಹೋಗುತ್ತಿವೆಯೇ? ಇಲ್ಲಿ ತೊಂದರೆ ಕಣ್ಣಿನ ಹಿಂದೆ, ಮೆದುಳಿನ ದಾರಿಯಲ್ಲಿದೆ. ಕನ್ನಡಕದ ಅಂಗಡಿಗೆ ಹೋಗಬೇಡಿ, ನೇರ ಕ್ಯಾನ್ಸರ್ ತಂಡಕ್ಕೆ ಹೇಳಿ.

ಚಿಕಿತ್ಸೆಗೆ ಮೊದಲಿನ ಕಣ್ಣು ಪರೀಕ್ಷೆ

ಎಲ್ಲ ಕಿಮೊಗೂ ಇದು ಕಡ್ಡಾಯವಲ್ಲ. ಆದರೆ ತಲೆ, ಮುಖ, ಸೈನಸ್ ಭಾಗಕ್ಕೆ ರೇಡಿಯೇಷನ್ ಕೊಡುವುದಾದರೆ, ಅಸ್ಥಿಮಜ್ಜೆ ಕಸಿ ಮಾಡುವುದಾದರೆ, ತಿಂಗಳುಗಟ್ಟಲೆ ಸ್ಟೀರಾಯ್ಡ್ ಇರುವುದಾದರೆ, ಅಥವಾ ಟ್ರಾಮೆಟಿನಿಬ್, ಬಿನಿಮೆಟಿನಿಬ್‌ನಂಥ ಔಷಧಿ ಶುರುವಾಗುವುದಾದರೆ ಮೊದಲೇ ಒಮ್ಮೆ ತೋರಿಸಿಕೊಳ್ಳುವುದು ತುಂಬಾ ಉಪಯೋಗ. ಸಕ್ಕರೆ ಕಾಯಿಲೆ, ಗ್ಲೂಕೋಮಾ ಅಥವಾ ಮೊದಲೇ ರೆಟಿನಾ ತೊಂದರೆ ಇರುವವರೂ ತೋರಿಸಿ. ಆವತ್ತಿನ ದೃಷ್ಟಿ, ಕಣ್ಣಿನ ಒತ್ತಡ, ಪಾಪೆ ಹಿಗ್ಗಿಸಿ ನೋಡಿದ ರೆಟಿನಾ, ಸಾಧ್ಯವಿದ್ದರೆ ಅದರ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಓಸಿಟಿ ಸ್ಕ್ಯಾನ್ ದಾಖಲೆಯಲ್ಲಿದ್ದರೆ, ಆರು ತಿಂಗಳ ನಂತರ ಕಾಣುವ ಬದಲಾವಣೆ ಹಳೆಯದೋ ಹೊಸದೋ ಎಂಬ ಚರ್ಚೆಯೇ ಬೇಡ.

ಹೋಗುವಾಗ ಒಯ್ಯಬೇಕಾದದ್ದು: ಕ್ಯಾನ್ಸರ್ ಔಷಧಿಗಳ ಹೆಸರು, ಡೋಸ್, ಕೊನೆಯ ಸೈಕಲ್‌ನ ದಿನಾಂಕ, ಇತ್ತೀಚಿನ ರಕ್ತಪರೀಕ್ಷೆಯ ವರದಿ, ವಾಂತಿಗೆ, ನಿದ್ದೆಗೆ, ಸೋಂಕಿಗೆ ಕೊಟ್ಟ ಮಾತ್ರೆಗಳ ಪಟ್ಟಿ, ಈಗಿನ ಕನ್ನಡಕ. ಬರೀ “ಕಿಮೊ ಆಗುತ್ತಿದೆ” ಎಂದರೆ ಕಣ್ಣಿನ ವೈದ್ಯರಿಗೆ ಏನೂ ಹೇಳಿದಂತಲ್ಲ. ಯಾವ ಔಷಧಿ ಎಂಬುದರ ಮೇಲೆ ಅವರು ಕಣ್ಣಿನ ಯಾವ ಭಾಗವನ್ನು ಹೆಚ್ಚು ನೋಡಬೇಕೆಂಬುದು ನಿಂತಿದೆ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ನಾಲ್ಕರಿಂದ ಆರು ಗಂಟೆ ಹತ್ತಿರದ್ದು ಮಂಜು, ಬೆಳಕು ತಡೆಯಲಾಗದು. ಜೊತೆಗೊಬ್ಬರು ಇರಲಿ, ವಾಹನ ಓಡಿಸಬೇಡಿ.

ಯಾವ ಔಷಧಿ, ಕಣ್ಣಿಗೆ ಏನು

ನಿಮ್ಮ ಔಷಧಿಯ ಹೆಸರು ಇಲ್ಲಿದೆ ಎಂದ ಮಾತ್ರಕ್ಕೆ ತೊಂದರೆ ಬಂದೇ ಬರುತ್ತದೆ ಎಂದಲ್ಲ. ಬಂದರೆ ಎಲ್ಲಿ ಬರುತ್ತದೆ ಎಂದು ತಿಳಿದಿರಲಿ ಎಂಬುದಷ್ಟೇ ಉದ್ದೇಶ.

ಹೆಚ್ಚು ಡೋಸಿನ ಸೈಟರಾಬಿನ್ ಕಣ್ಣೀರಿನಲ್ಲೂ ಸೇರಿ ಕಾರ್ನಿಯಾದ ಮೇಲ್ಪದರವನ್ನು ಕೆರಳಿಸುತ್ತದೆ: ಉರಿ, ಕೆಂಪು, ಬೆಳಕು ತಾಳದಿರುವುದು. ಇದಕ್ಕೆ ಮೊದಲೇ ಸ್ಟೀರಾಯ್ಡ್ ಹನಿ ಕೊಡುತ್ತಾರೆ. ಡೋಸ್‌ಗೆ ಮುಂಚೆ ಶುರುವಾಗಿ, ಕೊನೆಯ ಡೋಸ್ ಆದ ಮೇಲೂ ಒಂದೆರಡು ದಿನ ಅದು ಮುಂದುವರಿಯಬೇಕು. ಕಣ್ಣು ಚೆನ್ನಾಗಿದೆಯಲ್ಲ ಎಂದು ನಡುವೆ ಬಿಡುವುದೇ ಇಲ್ಲಿ ಆಗುವ ತಪ್ಪು. ಕಣ್ಣು ಚೆನ್ನಾಗಿರುವುದೇ ಆ ಹನಿಯಿಂದ.

ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಅಪರೂಪಕ್ಕೆ ಮ್ಯಾಕ್ಯುಲಾದಲ್ಲಿ ಊತ ತರುತ್ತವೆ. ಔಷಧಿ ನಿಲ್ಲಿಸಿದ ಮೇಲೆ ಅದು ನಿಧಾನವಾಗಿ ಇಳಿಯುತ್ತದೆ. ವಿನ್‌ಕ್ರಿಸ್ಟಿನ್‌ನಿಂದ ಕಣ್ಣಿನ ನರಗಳು ಸೋತು ರೆಪ್ಪೆ ಇಳಿಯಬಹುದು. ಸಿಸ್‌ಪ್ಲಾಟಿನ್‌ನಿಂದ ವಿರಳವಾಗಿ ಬಣ್ಣಗಳು ಮಾಸಿದಂತೆ ಕಾಣಬಹುದು. ಮೆಥೊಟ್ರೆಕ್ಸೇಟ್ ರೆಪ್ಪೆ ಮತ್ತು ಕಣ್ಣಿನ ಮೇಲ್ಮೈಯಲ್ಲಿ ಉರಿ ತರುತ್ತದೆ. ಇಮ್ಯಾಟಿನಿಬ್ ತೆಗೆದುಕೊಳ್ಳುವವರಲ್ಲಿ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ ಬಹಳ ಸಾಮಾನ್ಯ. ತಲೆಯನ್ನು ಸ್ವಲ್ಪ ಎತ್ತರಕ್ಕಿಟ್ಟು ಮಲಗಿದರೆ ಕಡಿಮೆಯಾಗುತ್ತದೆ.

ಕ್ರಿಜೊಟಿನಿಬ್‌ನ ಪರಿಣಾಮ ಬೇರೆಯೇ ಬಗೆಯದು. ಕತ್ತಲಿನಿಂದ ಬೆಳಕಿಗೆ ಬಂದಾಗ ಬೆಳಕಿನ ಗೆರೆಗಳು, ಚಲಿಸುವ ವಸ್ತುವಿನ ಹಿಂದೆ ಬಾಲದಂತೆ ನೆರಳು ಕಾಣುತ್ತವೆ. ಸಾಮಾನ್ಯವಾಗಿ ಮೊದಲ ವಾರಗಳಲ್ಲೇ ಶುರುವಾಗುವ ಇದು ಹೆಚ್ಚಿನವರಲ್ಲಿ ಸೌಮ್ಯವಾಗಿರುತ್ತದೆ. ರಾತ್ರಿ ಎದ್ದು ದೀಪ ಹಾಕುವಾಗ ಒಂದು ಕ್ಷಣ ನಿಂತು ಹೆಜ್ಜೆ ಇಡಿ, ಆದರೆ ನೋಟ ನಿಜವಾಗಿಯೂ ಕಡಿಮೆಯಾದರೆ, ಅದೂ ಈ ಸೌಮ್ಯ ಪರಿಣಾಮವೇ ಎಂದು ಸುಮ್ಮನಿರದೆ ತಕ್ಷಣ ತಿಳಿಸಿ.

ಟ್ರಾಮೆಟಿನಿಬ್, ಕೋಬಿಮೆಟಿನಿಬ್, ಬಿನಿಮೆಟಿನಿಬ್ ಗುಂಪಿನ ಔಷಧಿಗಳಿಂದ ರೆಟಿನಾದ ಅಡಿಯಲ್ಲಿ ನೀರು ತುಂಬುವುದುಂಟು. ಬಹಳಷ್ಟು ಸಲ ಅದು ತಾನೇ ಇಳಿಯುತ್ತದೆ. ಆದರೆ ಇದೇ ಔಷಧಿಗಳಿಂದ ಅಪರೂಪಕ್ಕೆ ರೆಟಿನಾದ ರಕ್ತನಾಳ ಮುಚ್ಚಿಕೊಳ್ಳುವುದೂ ಇದೆ, ಅದು ತಾನೇ ಸರಿಹೋಗುವಂಥದ್ದಲ್ಲ. ಎರಡರಲ್ಲಿ ಯಾವುದೆಂದು ಹೊರಗಿನಿಂದ ಹೇಳಲಾಗದು, ಆದ್ದರಿಂದ ಪರೀಕ್ಷೆ ಬೇಕೇಬೇಕು.

ಪೆಂಬ್ರೊಲಿಜುಮಾಬ್, ನಿವೊಲುಮಾಬ್, ಇಪಿಲಿಮುಮಾಬ್‌ನಂಥ ಇಮ್ಯುನೊಥೆರಪಿಯಲ್ಲಿ ಎಚ್ಚೆತ್ತ ರೋಗನಿರೋಧಕ ಶಕ್ತಿ ಕಣ್ಣಿನ ಮೇಲೂ ತಿರುಗಬಹುದು. ಯುವಿಯೈಟಿಸ್ ಎಂಬ ಒಳಉರಿಯೂತದಲ್ಲಿ ಕೆಂಪು, ನೋವು, ಬೆಳಕಿಗೆ ಕಣ್ಣು ಬಿಡಲಾಗದಿರುವುದು, ತೇಲುವ ಚುಕ್ಕೆಗಳು ಇರುತ್ತವೆ. ಇದನ್ನು “ಮದ್ರಾಸ್ ಐ” ಅಂದುಕೊಂಡು ಆಂಟಿಬಯೊಟಿಕ್ ಹನಿ ಹಾಕುತ್ತಾ ವಾರ ಕಳೆದರೆ ನಷ್ಟ ನಿಮ್ಮದೇ. ಮೂಳೆಗೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಆದ ಕೆಲವೇ ದಿನಗಳಲ್ಲೂ ಇಂಥದೇ ನೋವಿನ ಕೆಂಪು ಕಣ್ಣು ಬರಬಹುದು.

ಬೆಲಾಂಟಮಾಬ್ ಮಫೊಡೊಟಿನ್, ಮಿರ್ವೆಟುಕ್ಸಿಮಾಬ್, ಟಿಸೊಟುಮಾಬ್ ಈಚಿನ ವರ್ಷಗಳಲ್ಲಿ ಬಂದ ಔಷಧಿಗಳು. ಇವು ಕಾರ್ನಿಯಾಗೆ ನೇರವಾಗಿ ಪೆಟ್ಟು ಕೊಡುತ್ತವೆ. ಇವುಗಳಲ್ಲಿ ಕಣ್ಣಿನ ಪರೀಕ್ಷೆ ಚಿಕಿತ್ಸೆಯ ಭಾಗವೇ. ಪರೀಕ್ಷೆ ತಪ್ಪಿಸಿದರೆ ಮುಂದಿನ ಡೋಸ್ ಮುಂದಕ್ಕೆ ಹೋಗಬಹುದು.

ಟಮಾಕ್ಸಿಫೆನ್ ಬಗ್ಗೆ ಹೆದರಿಕೆ ಹೆಚ್ಚು, ಅಪಾಯ ಕಡಿಮೆ. ದಿನಕ್ಕೆ 20 ಮಿಲಿಗ್ರಾಂ ಡೋಸಿನಲ್ಲಿ ರೆಟಿನಾಗೆ ತೊಂದರೆ ಆಗುವುದು ವಿರಳ, ಆದರೆ ವರ್ಷಗಳು ಕೂಡುತ್ತಾ ಹೋದಂತೆ ಸಾಧ್ಯತೆ ಸ್ವಲ್ಪ ಏರುತ್ತದೆ. ನಡು ನೋಟ ಮಂಕಾದರೆ, ಗೆರೆ ಸೊಟ್ಟ ಕಂಡರೆ ಓಸಿಟಿ ಸ್ಕ್ಯಾನ್ ಮಾಡಿಸಿ.

ಕ್ಯಾನ್ಸರ್ ಔಷಧಿಯೇ ಅಲ್ಲದ ಎರಡನ್ನು ಇಲ್ಲಿ ಸೇರಿಸಬೇಕು. ಶಿಲೀಂಧ್ರ ಸೋಂಕಿಗೆ ಕೊಡುವ ವೊರಿಕೊನಜೋಲ್ ತೆಗೆದುಕೊಂಡ ಅರ್ಧ ಗಂಟೆಯಲ್ಲಿ ಬಣ್ಣ, ಬೆಳಕು ವಿಚಿತ್ರವಾಗಿ ಕಾಣಬಹುದು, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ವಾಕರಿಕೆ ತಡೆಯಲು ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿಯನ್ನು ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿದರೆ ಆ ಒಂದು ಕಣ್ಣಿನ ಪಾಪೆ ಹಿಗ್ಗಿ ಓದಲಾಗದಂತಾಗುತ್ತದೆ. ಪಟ್ಟಿ ಹಚ್ಚಿದ ಮೇಲೂ, ತೆಗೆದ ಮೇಲೂ ಸೋಪು ಹಾಕಿ ಕೈ ತೊಳೆಯಿರಿ.

ಒಣ ಕಣ್ಣು: ಹೆಚ್ಚಿನವರ ತೊಂದರೆ ಇದೇ

ಮರಳು ಬಿದ್ದಂತೆ ಚುಚ್ಚುವುದು, ಸಂಜೆಗೆ ಉರಿ, ಹತ್ತು ನಿಮಿಷ ಓದಿದರೆ ಮಂಜು, ಗಾಳಿಗೆ ನೀರು ಸುರಿಯುವುದು. ಒಣಗಿದ ಕಣ್ಣಿನಿಂದ ನೀರು ಬರುವುದು ಹೇಗೆಂದು ಅನೇಕರಿಗೆ ಗೊಂದಲ. ಮೇಲ್ಮೈ ಒಣಗಿ ಕೆರಳಿದಾಗ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಅದು ಬರೀ ನೀರು. ಎಣ್ಣೆಯ ಅಂಶ ಸಾಲದ ಕಾರಣ ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗೆ ಇಳಿದುಹೋಗುತ್ತದೆ.

ಕೃತಕ ಕಣ್ಣೀರಿನ ಹನಿ ಕೊಳ್ಳುವಾಗ ಡಬ್ಬಿಯ ಮೇಲೆ ಪ್ರಿಸರ್ವೇಟಿವ್ ಇದೆಯೇ ಎಂದು ನೋಡಿ. ಬೆಂಜಾಲ್ಕೋನಿಯಂ ಕ್ಲೋರೈಡ್ ಇರುವ ಹನಿಯನ್ನು ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕಿದರೆ ಅದೇ ಮೇಲ್ಪದರವನ್ನು ಕೆರೆಯುತ್ತದೆ. ಅದಕ್ಕಿಂತ ಹೆಚ್ಚು ಸಲ ಬೇಕಾದವರು ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ. ಹಗಲಿಗೆ ತೆಳು ಹನಿ, ರಾತ್ರಿ ಮಲಗುವ ಮುಂಚೆ ಜೆಲ್ ಅಥವಾ ಮುಲಾಮು. ಮುಲಾಮು ಹಾಕಿದರೆ ನೋಟ ಪೂರ್ತಿ ಮಸುಕಾಗುತ್ತದೆ, ಆದ್ದರಿಂದ ಶೌಚಾಲಯಕ್ಕೆ ಹೋಗಿಬಂದು, ಹಾಸಿಗೆಯಲ್ಲಿ ಕೂತ ಮೇಲೆ ಹಾಕಿ. ಉರಿಯುವವರೆಗೆ ಕಾದು ಹಾಕುವುದಕ್ಕಿಂತ ಎದ್ದ ಕೂಡಲೇ, ಊಟದ ಹೊತ್ತಿಗೆ, ಸಂಜೆ, ಮಲಗುವಾಗ ಎಂದು ಹೊತ್ತು ಗೊತ್ತು ಮಾಡಿಕೊಂಡರೆ ಫಲ ಹೆಚ್ಚು.

ಹನಿ ಹಾಕುವ ಕ್ರಮ:

1. ಸೋಪು ಹಾಕಿ ಕೈ ತೊಳೆದು ಒರೆಸಿಕೊಳ್ಳಿ.
2. ಮಲಗಿ ಅಥವಾ ತಲೆ ಹಿಂದಕ್ಕೆ ಬಾಗಿಸಿ, ಮೇಲೆ ನೋಡಿ.
3. ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು, ಅಲ್ಲಿ ಆಗುವ ಸಣ್ಣ ಚೀಲದೊಳಗೆ ಒಂದೇ ಹನಿ ಬಿಡಿ. ಬಾಟಲಿಯ ಮೂತಿ ರೆಪ್ಪೆಗಾಗಲಿ ಕೂದಲಿಗಾಗಲಿ ತಾಗಬಾರದು. ಎರಡನೇ ಹನಿ ಕಣ್ಣಿನಲ್ಲಿ ನಿಲ್ಲುವುದಿಲ್ಲ, ಕೆನ್ನೆಗೇ ಹೋಗುತ್ತದೆ.
4. ಕಣ್ಣನ್ನು ಹಿಂಡದೆ ಮೆಲ್ಲಗೆ ಮುಚ್ಚಿ. ಔಷಧಿಯ ಹನಿಯಾದರೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ, ಗಂಟಲಿಗೆ ಇಳಿಯುವುದು ತಪ್ಪುತ್ತದೆ.
5. ಇನ್ನೊಂದು ಬಗೆಯ ಹನಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಮುಲಾಮು ಎಲ್ಲಕ್ಕೂ ಕೊನೆಗೆ.

ಕಿಮೊದಿಂದ ಬೆರಳು ಜೋಮು ಹಿಡಿದವರಿಗೆ ಇದೇ ದೊಡ್ಡ ಕಷ್ಟ. ಬಾಟಲಿ ಒತ್ತಲು ಬಲ ಸಾಲದು, ಹನಿ ಬಿತ್ತೋ ಇಲ್ಲವೋ ಗೊತ್ತಾಗದು. ಕೃತಕ ಕಣ್ಣೀರಿನ ಬಾಟಲಿಯನ್ನು ಫ್ರಿಜ್ಜಿನ ಕೆಳತಟ್ಟಿನಲ್ಲಿ ಇಟ್ಟರೆ ಹನಿ ಬಿದ್ದದ್ದು ತಣ್ಣಗೆ ತಿಳಿಯುತ್ತದೆ. ಬಾಟಲಿ ಹಿಡಿದ ಕೈಯನ್ನು ಹಣೆಯ ಮೇಲೆ ಊರಿಕೊಂಡರೆ ನಡುಕ ಕಡಿಮೆ. ಬಾಟಲಿಗೆ ಸಿಕ್ಕಿಸುವ ಹಿಡಿಕೆಗಳೂ ಸಿಗುತ್ತವೆ. ಅದೂ ಆಗದಿದ್ದರೆ ಮನೆಯವರ ಕೈಯಲ್ಲಿ ಹಾಕಿಸಿಕೊಳ್ಳಿ. ಸಂಕೋಚಪಟ್ಟು ಅರ್ಧಂಬರ್ಧ ಹಾಕಿದ ಹನಿಗಿಂತ ಅದು ಎಷ್ಟೋ ಮೇಲು.

ರೆಪ್ಪೆಯ ಅಂಚು ದಪ್ಪಗಾಗಿ, ಬೆಳಿಗ್ಗೆ ಅಂಟಿಕೊಂಡಿದ್ದರೆ ಎಣ್ಣೆ ಗ್ರಂಥಿಗಳು ಕಟ್ಟಿವೆ. ಸ್ವಚ್ಛ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ಹಿತವೆನಿಸಿದರೆ ಮುಚ್ಚಿದ ರೆಪ್ಪೆಯ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ಬಟ್ಟೆ ಬೇಗ ಆರುತ್ತದೆ, ಮತ್ತೆ ಮತ್ತೆ ಅದ್ದಬೇಕು. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಹಗುರವಾಗಿ ತೀಡಿ, ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿದ ಹತ್ತಿಯಿಂದ ಅಂಚು ಒರೆಸಿ. ದಿನಕ್ಕೆ ಎರಡು ಸಲ. ಒಂದು ಕಣ್ಣಿಗೆ ಬಳಸಿದ ಹತ್ತಿ ಇನ್ನೊಂದಕ್ಕೆ ಬೇಡ. ಪ್ಲೇಟ್‌ಲೆಟ್ ತೀರಾ ಕಡಿಮೆಯಿದ್ದಾಗ ತೀಡುವುದನ್ನು ಬಿಟ್ಟು ಬರೀ ಶಾಖ ಕೊಡಿ.

ಫ್ಯಾನ್ ಅಥವಾ ಏಸಿ ಗಾಳಿ ಮುಖಕ್ಕೆ ನೇರ ಬಡಿಯದಂತೆ ಕೂರಿ. ಪರದೆ ನೋಡುವಾಗ ರೆಪ್ಪೆ ಬಡಿಯುವುದೇ ಕಡಿಮೆಯಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ದೂರ ನೋಡಿ, ಬೇಕೆಂದೇ ನಾಲ್ಕೈದು ಸಲ ಪೂರ್ತಿ ಕಣ್ಣು ಮುಚ್ಚಿ ತೆರೆಯಿರಿ.

ಎರಡು ಬಗೆಯ ಹನಿಯನ್ನು ನೀವಾಗಿ ಹಾಕಿಕೊಳ್ಳಲೇಬೇಡಿ. ಕೆಂಪು ತೆಗೆಯುವ ಹನಿ ಒಂದು. ಅದು ರಕ್ತನಾಳವನ್ನು ಕೆಲವು ಗಂಟೆ ಕುಗ್ಗಿಸುತ್ತದೆ, ಇಳಿದ ಮೇಲೆ ಕೆಂಪು ಇನ್ನೂ ಹೆಚ್ಚುತ್ತದೆ, ನಿಜವಾದ ಕಾರಣವೂ ಮುಚ್ಚಿಹೋಗುತ್ತದೆ. ಇನ್ನೊಂದು, ಹಿಂದೊಮ್ಮೆ ಕೊಟ್ಟು ಉಳಿದ ಸ್ಟೀರಾಯ್ಡ್ ಹನಿ. ಉರಿ ಒಂದೇ ದಿನದಲ್ಲಿ ಇಳಿಯುವುದರಿಂದ ಇದರ ಮೇಲೆ ನಂಬಿಕೆ ಬೆಳೆಯುತ್ತದೆ. ಆದರೆ ಹರ್ಪಿಸ್ ವೈರಸ್ ಸೋಂಕಿದ್ದರೆ ಅದು ಕಾರ್ನಿಯಾವನ್ನು ತಿನ್ನಲು ಬಿಟ್ಟಂತಾಗುತ್ತದೆ, ಕಣ್ಣಿನ ಒತ್ತಡ ಸದ್ದಿಲ್ಲದೆ ಏರುತ್ತದೆ.

ನೀರು ನಿಲ್ಲದೆ ಸುರಿದರೆ

ಡೋಸಿಟ್ಯಾಕ್ಸೆಲ್, ಅದರಲ್ಲೂ ವಾರಕ್ಕೊಮ್ಮೆ ಕೊಡುವಾಗ, ಮತ್ತು 5-ಎಫ್‌ಯು, ಕ್ಯಾಪೆಸಿಟಬಿನ್, ಎಸ್-1 ಔಷಧಿಗಳಲ್ಲಿ ಕಣ್ಣೀರು ಮೂಗಿಗೆ ಇಳಿಯುವ ನಾಳ ಕಿರಿದಾಗಿ ಮುಚ್ಚಿಕೊಳ್ಳಬಹುದು. ಒಣಕಣ್ಣಿನ ನೀರು ಗಾಳಿಗೆ, ಓದುವಾಗ ಬರುತ್ತದೆ; ನಾಳ ಮುಚ್ಚಿದ್ದರೆ ಮನೆಯೊಳಗೆ ಸುಮ್ಮನೆ ಕೂತಾಗಲೂ ಇಡೀ ದಿನ ಒರೆಸುತ್ತಲೇ ಇರಬೇಕಾಗುತ್ತದೆ.

ಇಲ್ಲಿ ಹೊತ್ತು ಮುಖ್ಯ. ನಾಳ ಇನ್ನೂ ಕಿರಿದಾಗುತ್ತಿರುವ ಹಂತದಲ್ಲಿ ತೋರಿಸಿದರೆ ಸಣ್ಣ ಸಿಲಿಕೋನ್ ನಳಿಗೆ ಹಾಕಿ ದಾರಿ ತೆರೆದಿಡಬಹುದು, ಕಿಮೊ ಮುಂದುವರಿಸಬಹುದು. ಗಾಯದಂತೆ ಪೂರ್ತಿ ಬೆಸೆದುಕೊಂಡ ಮೇಲೆ ಹೊಸ ದಾರಿಯನ್ನೇ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕಿಮೊ ಮುಗಿದ ಮೇಲೆ ನೋಡೋಣ ಎಂದು ಮುಂದೂಡಬಾರದ ತೊಂದರೆಗಳಲ್ಲಿ ಇದೊಂದು.

ರೆಪ್ಪೆಗೂದಲು

ಉದುರಿದರೆ ಧೂಳು, ಬೆವರು ನೇರ ಕಣ್ಣಿಗೆ. ಪಕ್ಕವೂ ಮುಚ್ಚುವ ಕನ್ನಡಕ ಹಾಕಿ, ಅಗಲ ಅಂಚಿನ ಟೋಪಿ ಇರಲಿ. ಗೋಂದು ಹಚ್ಚಿ ಅಂಟಿಸುವ ಕೃತಕ ರೆಪ್ಪೆಗೂದಲು, ಹಳೆಯ ಮಸ್ಕರಾ, ಕಾಡಿಗೆ ಚಿಕಿತ್ಸೆ ಮುಗಿಯುವವರೆಗೆ ಬೇಡ. ಎರ್ಲೊಟಿನಿಬ್, ಸೆಟುಕ್ಸಿಮಾಬ್‌ನಂಥ ಔಷಧಿಗಳಲ್ಲಿ ತದ್ವಿರುದ್ಧ: ಕೂದಲು ಉದ್ದವಾಗಿ ಸುರುಳಿಯಾಗಿ ಬೆಳೆದು, ಒಳಕ್ಕೆ ತಿರುಗಿ ಕಾರ್ನಿಯಾವನ್ನು ಗೀರುತ್ತದೆ. ನೀವೇ ಕತ್ತರಿಯಾಡಿಸಬೇಡಿ, ಕಣ್ಣಿನ ವೈದ್ಯರಲ್ಲಿ ಸರಿಮಾಡಿಸಿ.

ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಮನೆಯ ವ್ಯವಸ್ಥೆ

ಚಿಕಿತ್ಸೆಯ ನಡುವೆ ಹೊಸ ನಂಬರಿನ ದುಬಾರಿ ಕನ್ನಡಕ ಮಾಡಿಸಬೇಡಿ. ಸ್ಟೀರಾಯ್ಡ್ ನಿಂತು, ಸಕ್ಕರೆ ಒಂದು ಮಟ್ಟಕ್ಕೆ ಬಂದು ನಾಲ್ಕರಿಂದ ಆರು ವಾರವಾದ ಮೇಲೆ ಪರೀಕ್ಷೆ ಮಾಡಿಸಿದರೆ ಆ ನಂಬರ್ ನಿಲ್ಲುತ್ತದೆ. ಅಲ್ಲಿಯವರೆಗೆ ಓದಲು ಸಿದ್ಧ ಕನ್ನಡಕ, ಭೂತಗನ್ನಡಿ, ಫೋನಿನಲ್ಲಿ ದೊಡ್ಡ ಅಕ್ಷರ ಸಾಕು. ಕಾಂಟ್ಯಾಕ್ಟ್ ಲೆನ್ಸ್ ಕಿಮೊ ಅವಧಿಯಲ್ಲಿ ಬಿಟ್ಟುಬಿಡುವುದೇ ಕ್ಷೇಮ. ಒಣ ಕಾರ್ನಿಯಾ ಮತ್ತು ಇಳಿದ ಬಿಳಿ ರಕ್ತಕಣ ಒಟ್ಟಿಗೆ ಇರುವಾಗ ಸಣ್ಣ ಗೀರೂ ಹುಣ್ಣಾಗುತ್ತದೆ.

ಮಂಜು ಕಣ್ಣಿನಿಂದ ಆಗುವ ದೊಡ್ಡ ಅನಾಹುತಗಳಲ್ಲಿ ಒಂದು ಮಾತ್ರೆ ಅದಲುಬದಲಾಗುವುದು. ಕಿಮೊ ಮಾತ್ರೆಗಳನ್ನು ಅವುಗಳ ಡಬ್ಬಿಯಲ್ಲೇ ಬೇರೆ ಜಾಗದಲ್ಲಿಡಿ, ಮುಚ್ಚಳದ ಮೇಲೆ ದಪ್ಪ ಕಪ್ಪು ಅಕ್ಷರದಲ್ಲಿ ಹೆಸರು ಮತ್ತು ಹೊತ್ತು ಬರೆದು ಅಂಟಿಸಿ. ಕಣ್ಣಿನ ಹನಿಯನ್ನೂ ಕಿವಿಯ ಹನಿಯನ್ನೂ ಒಂದೇ ಕಪಾಟಿನಲ್ಲಿ ಇಡಲೇಬೇಡಿ. ಮೆಟ್ಟಿಲಿನ ಅಂಚಿಗೆ ಬಣ್ಣದ ಟೇಪು, ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿ ದೀಪ ಹಾಕಿ. ಪಾದ ಜೋಮು ಹಿಡಿದವರಿಗೆ ಹೆಜ್ಜೆ ಎಲ್ಲಿ ಬಿತ್ತೆಂದು ಹೇಳುವುದು ಕಣ್ಣು ಮಾತ್ರ.

ಎರಡೆರಡಾಗಿ ಕಾಣುತ್ತಿರುವವರು, ಒಂದು ಬದಿ ಕಾಣದವರು ವಾಹನ ಓಡಿಸಲೇಬಾರದು. ಎರಡು ಕಾಣುವ ತೊಂದರೆಗೆ, ವೈದ್ಯರು ನೋಡುವವರೆಗಿನ ತಾತ್ಕಾಲಿಕ ಉಪಾಯವಾಗಿ, ಕನ್ನಡಕದ ಒಂದು ಗಾಜಿಗೆ ಮಬ್ಬು ಟೇಪು ಅಂಟಿಸಬಹುದು. ಎಡಬದಿ ಕಾಣದವರು ಪುಟದ ಎಡ ಅಂಚಿಗೆ ಕೆಂಪು ಪಟ್ಟಿ ಇಟ್ಟು, ಅದು ಕಾಣುವವರೆಗೂ ಕಣ್ಣು ತಿರುಗಿಸಿ ಓದುವುದನ್ನು ಅಭ್ಯಾಸ ಮಾಡಬೇಕು.

ಚಿಕಿತ್ಸೆ ಮುಗಿದ ಮೇಲಿನ ತಿಂಗಳುಗಳು, ವರ್ಷಗಳು

ಕಿಮೊದಿಂದ ಬಂದ ಒಣಕಣ್ಣು, ಉರಿ ಬಹಳಷ್ಟು ಜನರಲ್ಲಿ ವಾರಗಳಿಂದ ತಿಂಗಳುಗಳಲ್ಲಿ ಇಳಿಯುತ್ತದೆ. ರೇಡಿಯೇಷನ್ ಹಾಗಲ್ಲ, ಅದರ ಪರಿಣಾಮ ತಡವಾಗಿ ಬರುತ್ತದೆ. ಕಣ್ಣಿಗೋ ಅದರ ಹತ್ತಿರಕ್ಕೋ ರೇಡಿಯೇಷನ್ ಆಗಿದ್ದರೆ ರೆಟಿನಾದ ರಕ್ತನಾಳಗಳು ಸೋರುವುದು ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದ ನಡುವೆ ಶುರುವಾಗುತ್ತದೆ. ನೋವಿಲ್ಲ, ಕೆಂಪಿಲ್ಲ. ಆದ್ದರಿಂದ ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆಯಾದರೂ, ವೈದ್ಯರು ಹೇಳಿದರೆ ಇನ್ನೂ ಬೇಗ, ಪಾಪೆ ಹಿಗ್ಗಿಸಿ ನೋಡಿಸಿಕೊಳ್ಳಿ. ಸೋರುವಿಕೆ ಬೇಗ ಸಿಕ್ಕರೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್‌ನಿಂದ ನೋಟ ಉಳಿಸಿಕೊಳ್ಳಲು ಅವಕಾಶವಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಲ್ಲಿ ಇದು ಹೆಚ್ಚು ಜೋರಾಗಿ ಬರುತ್ತದೆ, ಅವೆರಡನ್ನೂ ಹಿಡಿತದಲ್ಲಿಡಿ.

ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ, ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ, ಹೊಸದಾಗಿ ಒಂದು ಕಣ್ಣು ಮಂಜಾದರೆ ರೆಟಿನಾದ ಹಿಂದಿನ ಪದರಕ್ಕೆ ಕ್ಯಾನ್ಸರ್ ಹರಡಿದೆಯೇ ಎಂದು ನೋಡಬೇಕಾಗುತ್ತದೆ. ಆದ್ದರಿಂದ ಯಾವುದೇ ಕಣ್ಣಿನ ವೈದ್ಯರ ಬಳಿ ಹೋದರೂ ಹಿಂದಿನ ಕ್ಯಾನ್ಸರ್ ವಿಷಯ ಹೇಳಿ, ಎಷ್ಟು ವರ್ಷ ಹಿಂದಿನದಾದರೂ ಸರಿ.

ಬೇರೆಯವರ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರಲ್ಲಿ ಕೆಲವು ತಿಂಗಳ ನಂತರ ಕಣ್ಣು ತೀವ್ರವಾಗಿ ಒಣಗಿದರೆ, ಕಸಿಯ ಕಣಗಳು ಕಣ್ಣೀರಿನ ಗ್ರಂಥಿಯ ಮೇಲೆ ದಾಳಿ ಮಾಡುತ್ತಿರಬಹುದು. ಇದಕ್ಕೆ ಬರೀ ಕೃತಕ ಕಣ್ಣೀರು ಸಾಲದು. ಸೈಕ್ಲೊಸ್ಪೊರಿನ್ ಹನಿ, ಕಣ್ಣೀರು ಇಳಿಯುವ ರಂಧ್ರಕ್ಕೆ ಬಿರಡೆ, ರೋಗಿಯ ರಕ್ತದಿಂದಲೇ ತಯಾರಿಸುವ ಸೀರಮ್ ಹನಿ, ಕಾರ್ನಿಯಾದ ಮೇಲೆ ದ್ರವ ಹಿಡಿದಿಡುವ ಸ್ಕ್ಲೆರಲ್ ಲೆನ್ಸ್ ಹೀಗೆ ಹಂತಹಂತವಾಗಿ ಹೋಗುತ್ತಾರೆ. ಇಲ್ಲಿ ಲೆನ್ಸ್ ಚಿಕಿತ್ಸೆಯೇ ಆಗಿದೆ, ಮೇಲೆ ಹೇಳಿದ ನಿಷೇಧ ಇದಕ್ಕೆ ಅನ್ವಯಿಸುವುದಿಲ್ಲ. ಆದರೆ ತಜ್ಞರ ಕಣ್ಗಾವಲಿನಲ್ಲೇ ಹಾಕಬೇಕು.

ಸ್ಟೀರಾಯ್ಡ್, ಕಣ್ಣಿನ ಸಮೀಪದ ರೇಡಿಯೇಷನ್ ಅಥವಾ ಇಡೀ ದೇಹಕ್ಕೆ ಕೊಟ್ಟ ರೇಡಿಯೇಷನ್‌ನಿಂದ ಬಂದ ಪೊರೆಗೆ ಮಾಮೂಲಿ ಪೊರೆ ಶಸ್ತ್ರಚಿಕಿತ್ಸೆಯೇ ಮಾಡುತ್ತಾರೆ. ಕಿಮೊ ಇನ್ನೂ ನಡೆಯುತ್ತಿದ್ದರೆ ಎರಡು ಸೈಕಲ್‌ಗಳ ನಡುವೆ, ರಕ್ತಕಣಗಳು ಚೇತರಿಸಿಕೊಂಡ ದಿನಗಳಲ್ಲಿ ಮಾಡಿಸುವಂತೆ ಎರಡೂ ಕಡೆಯ ವೈದ್ಯರು ಮಾತಾಡಿ ದಿನ ಗೊತ್ತು ಮಾಡಬೇಕು. ಒಣಕಣ್ಣನ್ನು ಮೊದಲು ಹತೋಟಿಗೆ ತನ್ನಿ, ಇಲ್ಲದಿದ್ದರೆ ಒಳಗೆ ಹಾಕುವ ಮಸೂರದ ಅಳತೆಯೇ ತಪ್ಪುತ್ತದೆ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೊಸಿನ್ ತೆಗೆದುಕೊಳ್ಳುತ್ತಿರುವವರು, ಹಿಂದೆ ತೆಗೆದುಕೊಂಡು ಬಿಟ್ಟವರೂ ಕೂಡ, ಅದನ್ನು ಶಸ್ತ್ರಚಿಕಿತ್ಸಕರಿಗೆ ಮರೆಯದೆ ತಿಳಿಸಿ. ಆ ಮಾತ್ರೆಯಿಂದ ಪಾಪೆಯ ಸುತ್ತಲಿನ ಬಣ್ಣದ ಭಾಗ (ಐರಿಸ್) ಸಡಿಲಗೊಂಡು ಶಸ್ತ್ರಚಿಕಿತ್ಸೆಯ ನಡುವೆ ಅಲುಗಾಡುತ್ತದೆ. ಮೊದಲೇ ಗೊತ್ತಿದ್ದರೆ ಅದಕ್ಕೆ ಬೇಕಾದ ಸಿದ್ಧತೆ ಮಾಡಿಕೊಂಡೇ ಅವರು ಶುರುಮಾಡುತ್ತಾರೆ.